ಗುಲಾಬಿ ಔಷಧಿಯ ಪಂದ್ಯ

ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ. ಬಸ್ಸು ಐದು ನಿಮಿಷ ತಡವಾದರೆ ಬ್ಯಾಟರಾಯನಪುರದಿಂದ ಹೆಬ್ಬಾಳದವರೆಗೆ ನಡೆದೇ ಬಿಡುತ್ತಿದ್ದೆ. ಎಂಬತ್ತರ ದಶಕದ ಆ ದಿನಗಳಲ್ಲಿ ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಮೇಲೆ ಕೆಲಸ ಮಾಡುತ್ತಿದ್ದೆ. ವಾರಕ್ಕೊಂದು ಶಿಫ್ಟು, ಹೊತ್ತಿಗೆ ಊಟವಿಲ್ಲ. ಎದೆಯುರಿ, ಹುಳಿತೇಗು ಇಲ್ಲದವರು ನಮ್ಮಲ್ಲಿ ಕಡಿಮೆ. ಕ್ಯಾಂಟೀನಿನಲ್ಲಿ ಉಪ್ಪಿನಕಾಯಿ ಹಂಚಿಕೊಂಡಂತೆ ಗ್ಯಾಸ್ಟ್ರಿಕ್ ಔಷಧಿಯನ್ನೂ ಹಂಚಿಕೊಳ್ಳುತ್ತಿದ್ದೆವು.

ಪಕ್ಕದ ಲೇತಿನವರನ್ನು ಎಲ್ಲರೂ ಭಾಯ್ ಎನ್ನುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಅವರಿಗೆ ಹೊಟ್ಟೆಯಲ್ಲಿ ಹುಣ್ಣು. ಆಗಷ್ಟೇ ಬಂದಿದ್ದ ಹೊಸ ಮಾತ್ರೆಯನ್ನು ಆರು ವಾರ ಬಿಡದೆ ನುಂಗಬೇಕು, ಹುಣ್ಣು ಮಾಯದಿದ್ದರೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ನನ್ನ ಬಳಿ ಇದ್ದದ್ದು ಗುಲಾಬಿ ಬಣ್ಣದ, ಸುಣ್ಣ ಕದಡಿದಂತಿದ್ದ ಬಾಟಲಿ ಔಷಧಿ.

ಯಾವುದು ಮೇಲು, ನೋಡಿಯೇ ಬಿಡೋಣ ಅನ್ನಿಸಿತು. ಒಂದು ದಿನ ಎದೆಯುರಿದಾಗ ಅವರ ಮಾತ್ರೆ ಇಸಿದುಕೊಂಡು ನುಂಗಿ, ಗಡಿಯಾರ ನೋಡುತ್ತಾ ನಿಂತೆ. ಅರ್ಧ ಗಂಟೆಯಾದರೂ ಉರಿ ಹಾಗೇ ಇತ್ತು. ಮರುದಿನ ಎರಡು ಚಮಚ ಗುಲಾಬಿ ಔಷಧಿ ಕುಡಿದೆ. ಐದೇ ನಿಮಿಷಕ್ಕೆ ತಣ್ಣಗಾಯಿತು.

"ನಿಮ್ ಮಾತ್ರೆ ದಂಡ ಭಾಯ್. ಇದನ್ನ ಕುಡೀರಿ," ಎಂದು ಬಾಟಲಿಯನ್ನೇ ಕೊಟ್ಟೆ.

ಅವರು ಮಾತ್ರೆ ನಿಲ್ಲಿಸಿದರು. ನೋವು ಬಂದಾಗಲೆಲ್ಲ ಒಂದು ಗುಟುಕು. "ತಕ್ಷಣ ಕೇಳುತ್ತೆ ಗುರು," ಎಂದಾಗ ನಾನು ಬೀಗಿದೆ; ಖಾಲಿಯಾದಾಗ ಇನ್ನೊಂದು ಬಾಟಲಿ ತಂದುಕೊಟ್ಟೆ. ಮೂರನೇ ವಾರ, ಬೆಳಗಿನ ಶಿಫ್ಟಿನಲ್ಲಿ, ಅವರು ಮೆಷಿನ್ ನಿಲ್ಲಿಸಿ ನೆಲಕ್ಕೆ ಕೂತರು. ಮುಖ ಬಿಳುಚಿತ್ತು. ಎರಡು ದಿನದಿಂದ ಮಲ ಟಾರಿನಂತೆ ಕಪ್ಪಗೆ ಹೋಗುತ್ತಿದೆ ಎಂದರು.

ಆಸ್ಪತ್ರೆಯಲ್ಲಿ ಒಂದು ಕಡೆ ನಿಲ್ಲಲಾರದೆ ಅತ್ತಿಂದಿತ್ತ ತಿರುಗುತ್ತಿದ್ದೆ. ಬಾಟಲಿಯ ವಿಷಯ ಕೇಳಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಅದು ಹೊಟ್ಟೇಲಿ ಆಗ್ಲೇ ಇರೋ ಆಸಿಡ್‌ನ ಸ್ವಲ್ಪ ಹೊತ್ತು ಅಡಗಿಸುತ್ತೆ, ಅಷ್ಟೆ. ಮಾತ್ರೆ ಆಸಿಡ್ ಹುಟ್ಟೋದನ್ನೇ ಕಮ್ಮಿ ಮಾಡುತ್ತೆ. ನಿಧಾನ ಕಣ್ರೀ, ಆದ್ರೆ ಹುಣ್ಣು ಮಾಯೋಕೆ ಅದೇ ಬೇಕಿತ್ತು." ಹುಣ್ಣಿನಿಂದ ಒಳಗೇ ರಕ್ತ ಸೋರುತ್ತಿದ್ದುದರಿಂದ ಅವತ್ತೇ ಆಪರೇಷನ್ ಆಯಿತು. ಭಾಯ್ ಬದುಕಿಕೊಂಡರು.

ಹತ್ತು ದಿನದ ಮೇಲೆ, ತಪ್ಪು ಒಪ್ಪಿಕೊಳ್ಳಲೆಂದೇ ಅವರ ಮಂಚದ ಬಳಿ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಹೆಂಡತಿಗೆ ನನ್ನನ್ನು ತೋರಿಸಿ, ನನಗೂ ತಿಳಿಯಲೆಂದು ಉರ್ದು ಬಿಟ್ಟು ಕನ್ನಡದಲ್ಲೇ ಹೇಳಿದರು: "ಇವನ ಔಷಧಿ ಇಲ್ದಿದ್ರೆ ಅಷ್ಟು ದಿನಾನೂ ತಡೀತಿರ್ಲಿಲ್ಲ."

ಆಕೆ ಸ್ಟೂಲು ಎಳೆದು ಕೊಟ್ಟು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು. ನಾಚಿಕೆಯಿಂದಲೇ ಲೋಟ ತೆಗೆದುಕೊಂಡೆ. ಹೇಳಬೇಕಾದದ್ದನ್ನು ಹೇಳದೆ, ಅರ್ಧ ಗಂಟೆ ಅಲ್ಲಾಡದೆ ಕೂತಿದ್ದೆ.