ನಾಯಿಯ ಜೋಳದ ಗಡಿಗೆ

ನಲವತ್ತೆಂಟರ ಬೇಸಿಗೆ. ನಮ್ಮ ಮನೆಯ ನಾಯಿಗೆ ಹಿಂಗಾಲಲ್ಲಿ ಹುಣ್ಣಾಗಿ, ಅದಕ್ಕೊಬ್ಬ ವೈದ್ಯನನ್ನು ಹುಡುಕುವ ರಾಜಕಾರ್ಯ ನನ್ನ ತಲೆಗೆ ಬಂತು. ಮನೆಯಲ್ಲಿ ಸರಕಾರಿ ಕಚೇರಿಯ ಉರ್ದು ನಾಲ್ಕಕ್ಷರ ಕಲಿತವನು ನಾನೊಬ್ಬನೇ. ಗಾಡಿ ಕಟ್ಟಿಕೊಂಡು ಅಫಜಲಪುರಕ್ಕೆ ಹೋದೆ. ಅಲ್ಲಿಯ ದನದ ಡಾಕ್ಟರು ನನ್ನ ಅರ್ಜಿಯನ್ನು ಎರಡು ಸಲ ಓದಿ, ಸರಕಾರದ ಕಿತಾಬಿನಲ್ಲಿ ಎತ್ತು, ಎಮ್ಮೆ, ಕುದುರೆಗೆ ಜಾಗ ಉಂಟು, ನಾಯಿಗೆ ಇಲ್ಲ ಎಂದು ವಿಷಾದಪಟ್ಟರು. ನಾಯಿಯೂ ವಿಷಾದದಿಂದಲೇ ಗಾಡಿ ಹತ್ತಿತು.

ಕಡೆಗೆ ವೈದ್ಯ ಸಿಕ್ಕಿದ್ದು ನಮ್ಮ ಚೌಡಾಪುರದಲ್ಲೇ, ನಾಲ್ಕು ಮನೆ ಆಚೆ. ಒಂದು ಕಾಲಕ್ಕೆ ಜಹಗೀರದಾರರ ಕುದುರೆಗಳಿಗೆ ಮದ್ದು ಮಾಡುತ್ತಿದ್ದ ಮುದುಕ. ಊರವರು ಸಲೋತ್ರಿ ಎನ್ನುತ್ತಿದ್ದರು, ನಾನು ಚಾಚಾ ಎನ್ನುತ್ತಿದ್ದೆ. ಅವನು ಯಾವ ಕಿತಾಬನ್ನೂ ನೋಡದೆ ಬೇವಿನ ನೀರಿನಿಂದ ಹುಣ್ಣು ತೊಳೆದು ಪಟ್ಟಿ ಕಟ್ಟಿದ.

ಅಷ್ಟರಲ್ಲಿ ರಜಾಕಾರರ ಹೆದರಿಕೆ ಹೆಚ್ಚಿ, ನಮ್ಮ ಮನೆಯವರು ಸೊಲ್ಲಾಪುರದ ಕಡೆ ಗಡಿ ದಾಟುವುದೆಂದಾಯಿತು. ಕುಂಟುವ ನಾಯಿ, ಮೇಲೆ ಬೊಗಳುವ ಚಟ. ಅದು ಚಾಚಾನ ಹತ್ತಿರ ಉಳಿಯಬೇಕಾಯಿತು.

ಹೊರಡುವ ಮುಂಜಾನೆ ನಾನು ನಾಯಿಯ ಯೋಗಕ್ಷೇಮಕ್ಕೆ ಕರಾರುಪತ್ರ ಬರೆದೆ. ಹೊತ್ತಿಗೆ ಅರ್ಧ ರೊಟ್ಟಿಯ ಲೆಕ್ಕದಲ್ಲಿ ಜೋಳ. ಹುಣ್ಣಿನಲ್ಲಿ ಮತ್ತೆ ಕೀವಾದರೆ ಔಷಧದ ಬಾಬ್ತು ಬೇರೆ ಎರಡು ಸೇರು ಜೋಳ. ಅಷ್ಟನ್ನೂ ಗಡಿಗೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಕಾಗದವನ್ನು ಗಟ್ಟಿಯಾಗಿ ಓದಿ ಒಪ್ಪಿಸಿದೆ.

"ಮನಷ್ಯಾರ ಸಲುವಾಗಿನೂ ಯಾರೂ ಇಷ್ಟ ಚಂದ ಬರದಿಲ್ಲ, ತಮ್ಮಾ," ಎಂದ ಚಾಚಾ.

ನನಗೆ ಅದು ಹೊಗಳಿಕೆಯಂತೆ ಕೇಳಿಸಿತು.

ಮಳೆಗಾಲದ ಕಡೆಗೆ ಹಿಂದೂಸ್ತಾನದ ದಂಡು ಬಂತು. ಗದ್ದಲ ತಣ್ಣಗಾದ ಮೇಲೆ ನಾವು ಮರಳಿದೆವು. ರಜಾಕಾರರ ಮೇಲಿನ ಸಿಟ್ಟನ್ನು ಜನ ಯಾರ್ಯಾರ ಮೇಲೋ ತೀರಿಸಿಕೊಂಡರೆಂಬ ಸುದ್ದಿ ದಾರಿಯಲ್ಲೇ ಕಿವಿಗೆ ಬಿದ್ದಿತ್ತು. ಕಿವಿಗೆ ಬಿದ್ದದ್ದು ತಲೆಗೆ ಏರಿರಲಿಲ್ಲ. ನೆಟ್ಟಗೆ ಚಾಚಾನ ಮನೆಗೆ ಹೋದೆ. ಅವನು ಹೊರಸಿನ ಮೇಲೆ ಮಲಗಿದ್ದ. ಬಲಗೈಗೆ ಬಿದಿರು ದಬ್ಬೆ ಇಟ್ಟು ಬಟ್ಟೆ ಸುತ್ತಿತ್ತು. ಗಂಟು ವಾರೆಯಾಗಿತ್ತು, ಎಡಗೈ ಮತ್ತು ಹಲ್ಲಿನಿಂದ ತಾನೇ ಬಿಗಿದುಕೊಂಡದ್ದಿರಬೇಕು. ನಾಯಿ ಹೊರಸಿನ ಕೆಳಗಿನಿಂದ ಬಾಲ ಆಡಿಸುತ್ತ ಬಂತು.

"ಚಾಚಾ, ಇದರ ಕಾಲು ಹ್ಯಾಂಗದ?"

ನಾನು ಕೇಳಿದ ಮೊದಲ ಮಾತು ಅದು.

"ಕಾಲು ಛಲೋ ಆಗ್ಯಾದ," ಎಂದ. "ಕೈಯಿಂದು ಕರಾರಿನ್ಯಾಗ ಇಲ್ಲ, ಬಿಡು."

ಅವನ ಹೆಂಡತಿ ಗಡಿಗೆ ತಂದಿಟ್ಟಳು. ಮೆತ್ತಿದ ಮಣ್ಣು ಮೆತ್ತಿದ ಹಾಗೇ ಇತ್ತು. ತಾವು ಉಂಡದ್ದನ್ನೇ ನಾಯಿಯೂ ಉಂಡಿತು, ಅದಕ್ಕೆ ಬೇರೆ ಜೋಳ ಯಾಕೆ ಎಂದಳು. ನೀವೇ ಇಟ್ಟುಕೊಳ್ಳಿ ಎಂದರೆ ಅವರಿಗೆ ಅವಮಾನವಾದೀತೆಂಬ ಘನವಾದ ವಿಚಾರ ನನಗೆ ಆಗಲೇ ಹೊಳೆಯಬೇಕೆ? ಗಡಿಗೆಯನ್ನು ಹೆಗಲಿಗೇರಿಸಿ, ನಾಯಿಯನ್ನು ಹಿಂದೆ ಕರೆದುಕೊಂಡು, ದಿಗ್ವಿಜಯ ಮುಗಿಸಿದವನಂತೆ ಮನೆಗೆ ಬಂದೆ.

ಅವ್ವ ಗಡಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಅವರ ಮನ್ಯಾಗ ಒಲಿ ಹೊತ್ತಿತ್ತೇನ್ಲೇ?"

ನಾನು ನೋಡಿರಲಿಲ್ಲ. ಮರುದಿನ ಮುಂಜಾನೆ ಅದೇ ಗಡಿಗೆಯನ್ನು ಹೊರಿಸಿ ಅವ್ವ ತಿರುಗಿ ಅಟ್ಟಿದಳು. ಬಾಗಿಲಿಗೆ ಕೀಲಿ. ನಸುಕಿನಲ್ಲೇ ಯಾರದೋ ಗಾಡಿ ಸಿಕ್ಕು, ಜೇವರ್ಗಿ ಸೀಮೆಯಲ್ಲಿದ್ದ ಮಗಳ ಮನೆಗೆ ಹೋದರಂತೆ. ಅಂದೋಲಾದ ಹತ್ತಿರ ಎಂದೂ ನೆರೆಯವರು ಹೇಳಿದರು. ಹೊಳೆ ದಾಟಿ ಹೋಗಿ ಹುಡುಕಬಹುದಿತ್ತು. ನಾಯಿಗೆಂದು ಅಫಜಲಪುರಕ್ಕೆ ಗಾಡಿ ಕಟ್ಟಿದವನಿಗೆ ಅಂದೋಲಾ ದೂರವಾಯಿತು. ಬಿತ್ತಿಗೆ ಮುಗಿಯಲಿ ಎಂದೆ, ಸುಗ್ಗಿ ಮುಗಿಯಲಿ ಎಂದೆ.

ಗಡಿಗೆಯ ಬಾಯಿ ತೆಗೆಯಲು ಅವ್ವ ಯಾರಿಗೂ ಬಿಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ತಾನೇ ತೆಗೆದು ನೋಡಿದರೆ ಜೋಳಕ್ಕೆಲ್ಲ ನುಸಿ ಹತ್ತಿತ್ತು. ಅಂಗಳದಲ್ಲಿ ಸುರುವಿದಳು. ನಾಯಿ ನಾಲ್ಕು ಕಾಲೂ ಸರಿಯಾಗಿ ಊರಿ ಬಂತು, ಒಮ್ಮೆ ಮೂಸಿತು, ಆಚೆ ಹೋಗಿ ಮಲಗಿತು.