ಹಿರಿಯಣ್ಣನ ಮದುವೆ ಮೊದಲು ಓದಿದ್ದು

ಕಥೆ ಕೆಡಿಸಿದವಳು ನಾನು. ಮೊಮ್ಮಗಳು ಸರಿಯಾಗೇ ಹೇಳಿದ್ದಳು, ನಾನು ಕೇಳಲಿಲ್ಲ. ಅಷ್ಟೇ.

ಫುಟ್‌ಬಾಲ್ ಆಡುವ ಮೂವರು ಅಣ್ಣತಮ್ಮಂದಿರ ಪ್ರೇಮದ ಕಥೆ, ಮೂರು ಪುಸ್ತಕ. ಕೊಲ್ಹಾಪುರದಲ್ಲಿ ಕಲಿಯುವ ಮೊಮ್ಮಗಳು ದೀಪಾವಳಿ ಸೂಟಿಗೆ, ಕಾಲೇಜಿಗೆ ರಜೆ ಅಂತ, ಗಡಹಿಂಗ್ಲಜದ ನಮ್ಮ ಮನೆಗೆ ಬಂದಾಗ ತಂದಳು.

"ಆಯಿ, ಮೊಬೈಲದಾಗ ಓದ್ತಿಯೇನು, ಪುಸ್ತಕಾನ ಬೇಕೋ?"

ಸಾಲಿಯಲ್ಲಿ ಮೂರನೇ ಇಯತ್ತೆವರೆಗೆ ಕಲಿತವಳು ನಾನು, ಅಕ್ಷರದ ಮೇಲೆ ಬೆರಳಿಟ್ಟೇ ಓದಬೇಕು. ಮೊಬೈಲಿಗೆ ಬೆರಳು ತಾಗಿದರೆ ಹಾಳೆ ಓಡಿಹೋಗುತ್ತದೆ. ಪುಸ್ತಕವನ್ನೇ ಇಟ್ಟುಕೊಂಡೆ. ಇಚಲಕರಂಜಿಯ ನನ್ನ ತಂಗಿಗೆ ಕಣ್ಣಿನ ಆಪರೇಶನ್ ಆಗಿ ಟೀವಿ ನೋಡುವುದು ಬಂದ್ ಆಗಿತ್ತು. ಆಕೆಗೆ ಅದೇ ಕಥೆಗಳನ್ನು ಕೇಳುವ ಆಡಿಯೋ ಕಳಿಸಿದೆವು.

"ಅಕ್ಕಾ, ಮುಂದಿನ ಕಥಿ ನನಗ ಮೊದಲ ಹೇಳಿದ್ರ ನೋಡು ಮತ್ತ. ಸದ್ಯ ನನಗ ಇದೊಂದ ಸುಖ ಐತಿ" ಅಂದಳು ತಂಗಿ ಫೋನಿನಲ್ಲಿ.

"ಸಣ್ಣಾಂವನ ಕಥಿನ ಮೊದಲನೇ ಪುಸ್ತಕ, ಅದನ್ನ ಮೊದಲ ಓದಬೇಕು" ಅಂದಳು ಮೊಮ್ಮಗಳು.

"ಹಿರಿಯಾಂವ ಹಂಗ ಕುಂತಾಗ ಸಣ್ಣಾಂವಗ ಯಾರು ಅಕ್ಕಿಕಾಳು ಹಾಕ್ತಾರ?" ಅಂದೆ ನಾನು. ನಮ್ಮ ಮನೆತನದಲ್ಲಿ ಹಿರಿಯರ ಮದುವೆಯಾಗದೆ ಕಿರಿಯರಿಗೆ ಹೆಣ್ಣು ನೋಡುವುದಿಲ್ಲ. ತಂಗಿ ಸಣ್ಣವನಿಂದ ಶುರುಮಾಡಿದಳು, ನಾನು ಹಿರಿಯವನನ್ನು ಹಿಡಿದೆ.

ಏನು ಮಜಾ ಅಂತೀರಿ! ಹಿರಿಯ ಗೋಲ್‌ಕೀಪರ್. ಎಂಥ ಬಾಲ್ ಬಂದರೂ ಹಿಡಿಯುತ್ತಾನೆ, ಹುಡುಗಿಯ ಕೈ ಹಿಡಿಯಲು ಅರ್ಧ ಪುಸ್ತಕ ತಗೊಂಡ. "ಹಿಡಿಯೋ ಮಂಗ್ಯಾ!" ಅಂತ ನಾನು ಒದರುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹಾಳು. ಮೂರೇ ದಿನದಲ್ಲಿ ಮುಗಿಸಿದೆ. ಕೊನೆಗೆ ಅವನ ಮದುವೆಯ ಚಪ್ಪರದಲ್ಲಿ ತಮ್ಮಂದಿರಿಬ್ಬರೂ ಹೆಂಡಿರ ಜೊತೆ ನಿಂತಿದ್ದರು, ಸಣ್ಣವನ ಕಂಕುಳಲ್ಲಿ ಕೂಸು ಬೇರೆ!

ಅದೇ ಸಂಜೆ ತಂಗಿಯ ಫೋನ್ ಬಂತು. ಅಳುತ್ತಿದ್ದಳು.

"ಅಕ್ಕಾ, ಸಣ್ಣಾಂವನ ಮೊಣಕಾಲು ಮುರೀತು, ಅಂವ ಪ್ರೀತಿ ಮಾಡಿದ ಡಾಕ್ಟರ್ ಹುಡುಗಿ ಅವನ್ನ ಬಿಟ್ಟು ಪುಣೆಕ್ಕ ಹೊಂಟಾಳ. ನನಗ ಊಟ ಸೇರವಲ್ದು."

"ಸುಮ್ನ ಉಣ್ಣ. ಆಕಿಗೆ ಅವನಿಂದ ಗಂಡುಕೂಸು ಆಗೇತಿ, ಮೂಗು ಅಪ್ಪನಂಗ."

"ನೀ ಅಕ್ಕ ಅಲ್ಲ, ವೈರಿ! ಜೀವಾ ಹಿಡಕೊಂಡು ಕೇಳಾಕತ್ತಿದ್ನಲ್ಲ!" ಅಂದವಳೇ ಫೋನ್ ಕಟ್ ಮಾಡಿದಳು. ನಾಲ್ಕು ಸಲ ಮಾಡಿದೆ, ಎತ್ತಲಿಲ್ಲ.

ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆಯಿ, ನಡುವಿನಾಂವನ ಕಥಿ ನೀವಿಬ್ಬರೂ ಇನ್ನೂ ಓದಿಲ್ಲ."

ಮರುದಿನ ನಸುಕಿನ ಎಸ್‌ಟಿ ಬಸ್ಸು ಹತ್ತಿ ಇಚಲಕರಂಜಿಗೆ ಹೋದೆ. ತಂಗಿ ಬಾಗಿಲು ತೆರೆದಳು, ಮಾರಿ ತಿರುವಿದಳು. ನಾನು ಆಕೆಯ ಹಾಸಿಗೆಯ ಮೇಲೇ ಕುಂತು ನಡುವಿನವನ ಕಥೆಯನ್ನು ಮೊದಲ ಹಾಳೆಯಿಂದ ಗಟ್ಟಿಯಾಗಿ ಓದಲು ಹತ್ತಿದೆ. ಅದರಲ್ಲಿ ಇಬ್ಬರು ಹುಡುಗಿಯರು. ಯಾರನ್ನು ಮದುವೆಯಾಗುತ್ತಾನೆ ಅಂತ ತಂಗಿ ತಾಸಿಗೆ ಮೂರು ಸಲ ಕೇಳಿದಳು. ಹಿರಿಯವನ ಮದುವೆ ಚಪ್ಪರದಲ್ಲೇ ಆಕೆಯನ್ನು ನೋಡಿದ್ದೆನಲ್ಲ, ನನಗೆ ಗೊತ್ತಿತ್ತು. ಹೇಳಲಿಲ್ಲ.