ರೊಪ್ಪದ ಹೊರಗುಳಿದ ಮರಿ

ಮಾಗಡಿ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಪ್ರತಿಮಾ ಒಂದು ಮೊಬೈಲ್ ಗೇಮ್ ಮಾಡಿದ್ದಳು. ಯಾರೂ ಕಲಿಸಿದ್ದಲ್ಲ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ವಿಡಿಯೊ ನೋಡುತ್ತ, ತಪ್ಪುತ್ತ, ತಿದ್ದುತ್ತ ಕಲಿತದ್ದು. ಆಟ ಸರಳ. ಕತ್ತಲಾಗುವ ಮೊದಲು ಕುರಿಗಳನ್ನು, ಜೊತೆಗೆ ಒಂದು ಕುಂಟು ಮರಿಯನ್ನು, ಬೆಟ್ಟದಿಂದ ಇಳಿಸಿ, ಹಳ್ಳ ದಾಟಿಸಿ, ಬೇಲಿ ಕಟ್ಟಿದ ರೊಪ್ಪದೊಳಗೆ ಕೂಡಿಹಾಕಬೇಕು. ಅವಳೂರು ಕಲ್ಯದಲ್ಲಿ ಅಪ್ಪ ಕರಿಯಪ್ಪ ದಿನಾ ಸಂಜೆ ಮಾಡುವ ಕೆಲಸವೇ ಅದು. ಆಟಕ್ಕೆ ‘ರೊಪ್ಪ’ ಎಂದೇ ಹೆಸರಿಟ್ಟು, ಮನೆದೇವರಿಗೆ ಕೈಮುಗಿದು, ಫೋನಿನಲ್ಲಿ ಆಟಗಳು ಸಿಗುವ ಸ್ಟೋರ್‌ಗೆ ಹಾಕಿದಳು.

ಅಲ್ಲಿ ದಿನಾ ಬಂದು ಬೀಳುವ ಆಟಗಳಿಗೆ ಲೆಕ್ಕವೇ ಇಲ್ಲವೆಂದು ಹಾಕಿದ ಮೇಲೆ ತಿಳಿಯಿತು. ಕುರಿ ಎಂದು ಹುಡುಕಿದರೆ ಯಾವ ಯಾವುದೋ ದೇಶದ ಕುರಿಗಳು ಬರುತ್ತಿದ್ದವು; ಬೆರಳು ನೋಯುವವರೆಗೆ ಸರಿಸಿದರೂ ಅವಳವು ಬರುತ್ತಿರಲಿಲ್ಲ. ಅಂಗಡಿಗೆ ಬರುವ ಕಾಲೇಜು ಹುಡುಗಿಯರಿಗೆ ಹೇಳಿದಳು. ಆಮೇಲೆ ನೋಡ್ತೀವಿ ಅಕ್ಕ ಎಂದು ಹಾಲ್‌ಟಿಕೆಟ್ ಮಡಚಿಕೊಂಡು ಬಸ್ಸಿಗೆ ಓಡಿದರು. ಆಟದ ಹೆಸರು ಬರೆದು ಅವಳು ಅಂಗಡಿ ಗೋಡೆಗೆ ಅಂಟಿಸಿದ್ದ ಹಾಳೆಯ ಮೇಲೆ ಯಾರೋ ‘ಮನೆ ಬಾಡಿಗೆಗಿದೆ’ ಎಂದು ಇನ್ನೊಂದು ಹಾಳೆ ಅಂಟಿಸಿದರು.

ಗುರುತಿಲ್ಲದ ಒಬ್ಬರು, ತನ್ನ ಮುಖ ನೋಡಿ ಅಲ್ಲ, ಆಟ ನೋಡಿ ಕೊನೆಯವರೆಗೆ ಆಡಬೇಕು. ಅವಳ ಆಸೆ ಅಷ್ಟೇ. ಒಬ್ಬರು ಸಾಕಿತ್ತು.

ಛತ್ರದಲ್ಲಿ ನಡೆದ ಚಿಕ್ಕಪ್ಪನ ಮನೆಯ ಬೀಗರೂಟದಲ್ಲಿ ಅವಳ ಆಟದ ಸಂಗತಿ ಅವನ ಮಗ ಗಣೇಶನ ಕಿವಿಗೆ ಬಿತ್ತು. ಬಡಿಸುತ್ತಿದ್ದವನು ಸಾರಿನ ಬಕೆಟ್ ಕೆಳಗಿಟ್ಟು ಪಂಕ್ತಿಯ ನಡುವೆ ನಿಂತ.

“ಲೇ, ಎಲ್ರೂ ಫೋನ್ ತಗೀರ್ಲಾ. ನಮ್ ಪ್ರತಿಮಕ್ಕ ಗೇಮ್ ಮಾಡವ್ಳೆ. ಐದು ಸ್ಟಾರ್ ಒತ್ತಿದೋರ್ಗೇ ಇನ್ನೊಂದ್ಸಲ ಬಾಡು. ಒತ್ತದೋರ್ಗೆ ಬರೀ ಸಾರು.”

ಎಲ್ಲರೂ ಎಡಗೈಯಲ್ಲೇ ಒತ್ತಿದರು, ಛತ್ರದ ಒಂದೇ ವೈಫೈನಿಂದ. ಒಬ್ಬ ‘ಸೂಪರ್ ಅಕ್ಕ’ ಎಂದು ಬರೆದದ್ದನ್ನೇ ಉಳಿದವರೂ ಬರೆದರು. ಪ್ರತಿಮಾ ಅಂದು ನಗುತ್ತಲೇ ಮನೆಗೆ ಬಂದಳು. ಆದರೆ ಎಷ್ಟು ಜನ ಎಲ್ಲಿಯವರೆಗೆ ಆಡಿದರೆಂದು ತೋರಿಸುವ ಪುಟ ನೋಡಿದರೆ, ಆ ನೆಂಟರಲ್ಲಿ ಒಬ್ಬರೂ ಮೊದಲ ಹಳ್ಳ ದಾಟಿರಲಿಲ್ಲ. ಒಂದು ವಾರದೊಳಗೆ ಸ್ಟೋರಿನವರು, ಇವು ಕೂಡಿಕೊಂಡು ಹಾಕಿಸಿದ ಸ್ಟಾರುಗಳೆಂದು ಎಲ್ಲವನ್ನೂ ತೆಗೆದುಹಾಕಿದರು. ಅವಳು ಗಣೇಶನಿಗೆ ಹೇಳಲಿಲ್ಲ. ಪಾಪ, ಪ್ರೀತಿಯಿಂದ ಮಾಡಿದ್ದ.

ಅವ್ವ ಪುಟ್ಟಗೌರಮ್ಮ ದಿನಾ ಸಂಜೆ ಹೊಲದ ಬದುವಿನ ಮುನೇಶ್ವರನ ಕಲ್ಲಿಗೆ ದೀಪ ಹಚ್ಚಿ ಬರುತ್ತಿದ್ದಳು. ಆ ಕಡೆ ಯಾರೂ ಓಡಾಡುವುದಿಲ್ಲ. ಯಾರು ನೋಡಲೆಂದು ಹಚ್ಚುತ್ತೀಯ ಎಂದು ಕೇಳಬೇಕೆಂದು ಪ್ರತಿಮಾಗೆ ಅನಿಸುತ್ತಿತ್ತು. ಆದರೆ ಮುನೇಶ್ವರ ನೋಡ್ತಾನೆ ಎಂಬ ಅವ್ವನ ಉತ್ತರ ಗೊತ್ತಿತ್ತು. ತನಗೆ ಅಷ್ಟರಿಂದ ಸಮಾಧಾನವಾಗದು ಎಂಬುದೂ ಗೊತ್ತಿತ್ತು.

ಶ್ರಾವಣ ಕಳೆದ ಮೇಲೆ ಆಟದ ಕೆಳಗೆ ಒಂದು ಅಭಿಪ್ರಾಯ ಬಂತು. ಎರಡು ಸ್ಟಾರ್. ಹೆಸರು ಹಫೀಜಾ, ಚಿತ್ರವಿಲ್ಲ.

‘ಎಲ್ಲ ಕುರಿ ತಂದೆ. ಕುಂಟು ಮರಿ ಹೊರಗಿರುವಾಗಲೇ ಬಾಗಿಲು ಮುಚ್ಚಿತು. ಗೆದ್ದಿರಿ ಅಂತ ಬಂತು. ಅದು ಹೇಗೆ ಗೆದ್ದಂಗೆ? ಮತ್ತೆ ಮತ್ತೆ ಆಡಿದೆ, ಪ್ರತಿ ಸಲವೂ ಅದನ್ನ ಬಿಟ್ಟೇ ಬಂದೆ.’

ಆಧಾರ್ ಕಾರ್ಡ್ ಹಿಡಿದು ನಿಂತ ಗಿರಾಕಿಯನ್ನೂ ಮರೆತು ಪ್ರತಿಮಾ ಅದನ್ನು ಮತ್ತೆ ಓದಿದಳು. ಮರಿ ಕುಂಟುತ್ತದೆಂದು ಗೊತ್ತಿದ್ದ ಅವಳು ಯಾವಾಗಲೂ ಅದನ್ನೇ ಮೊದಲು ಒಳಗೆ ಬಿಡುತ್ತಿದ್ದಳು; ಹಾಗಾಗಿ ಈ ತಪ್ಪು ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ. ಅದು ಕಾಣಬೇಕಾದರೆ ಹೊಸಬರೊಬ್ಬರು ರೊಪ್ಪದ ಬಾಗಿಲವರೆಗೆ ಬರಬೇಕಿತ್ತು, ಬಂದು ಹಿಂದಿರುಗಿ ನೋಡಬೇಕಿತ್ತು.

ಮರುದಿನವೇ ಸರಿಪಡಿಸಿ ಉತ್ತರ ಬರೆದಳು: ‘ತಪ್ಪು ನನ್ನದು. ಈಗ ಮರಿ ಬರುವವರೆಗೆ ಬಾಗಿಲು ಕಾಯುತ್ತದೆ.’ ನೀವು ಯಾವ ಊರಿನವರು, ಈ ಆಟ ನಿಮಗೆ ಹೇಗೆ ಸಿಕ್ಕಿತು ಎಂದೂ ಬರೆದಿದ್ದಳು. ಕಳಿಸುವ ಮೊದಲು ಅಷ್ಟನ್ನು ಅಳಿಸಿದಳು.

ಮರುಮಾತು ಬರಲಿಲ್ಲ. ಎರಡು ಸ್ಟಾರ್ ಎರಡಾಗಿಯೇ ಉಳಿದವು. ಆದರೆ ಒಂದು ಸಂಜೆ ಆಡಿದವರ ಲೆಕ್ಕ ತೋರಿಸುವ ಆ ಪುಟ ತೆರೆದಾಗ ಸರಿಪಡಿಸಿದ ಆಟವನ್ನು ಒಬ್ಬರು ಕೊನೆಯವರೆಗೆ ಆಡಿದ್ದು ಕಂಡಿತು. ಒಬ್ಬರೇ.

“ಅವ್ವ, ಒಬ್ರು ಪೂರ್ತಿ ಆಡವ್ರೆ,” ಎಂದಳು.

“ನಮ್ಮೋರಾ?”

“ಅಲ್ಲ ಕಣವ್ವ.”

ಪುಟ್ಟಗೌರಮ್ಮನಿಗೆ ಮಗಳ ಆಟ ಏನೆಂದು ಸರಿಯಾಗಿ ತಿಳಿಯದು. ಎಣ್ಣೆ ಬಟ್ಟಲು ಹಿಡಿದು ಬದುವಿನ ಕಡೆ ಹೊರಟವಳು ಹೊಸಿಲಲ್ಲಿ ನಿಂತು ಅವಳ ಮುಖ ನೋಡಿದಳು.

“ನೀನೂ ಬತ್ತೀಯ?”

ಪ್ರತಿಮಾ ಫೋನ್ ಮಡಗಿ ಚಪ್ಪಲಿ ಮೆಟ್ಟಿಕೊಂಡಳು.